ಒಪ್ಪಂದಕ್ಕೆ ಮೊದಲೇ ಏರುವ ಬೆಲೆ

(ಹಾಸನದ ಕಾಲೇಜೊಂದರಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ವಿಷಯದ ಹೆಸರು ತುಂಬಾ ಉದ್ದ ಇದೆ. ಅಂತರರಾಷ್ಟ್ರೀಯ ವ್ಯಾಪಾರ ಮಾತುಕತೆ, ಕರೆನ್ಸಿಯ ಅನಿಶ್ಚಿತತೆ, ಗ್ರಾಹಕ ಬೆಲೆ. ಇದನ್ನೇ ಹಿಡಿದು ಹೊರಟರೆ ಊಟದ ನಂತರದ ಈ ಹೊತ್ತಿನಲ್ಲಿ ಅರ್ಧ ಸಭೆ ತೂಕಡಿಸುತ್ತದೆ. ಅದಕ್ಕೇ ಅಡುಗೆಮನೆಯಿಂದ ಎರಡೇ ಸಾಮಾನು ತೆಗೆದುಕೊಳ್ಳುತ್ತೇನೆ: ಕಾಫಿಪುಡಿ ಮತ್ತು ಅಡುಗೆ ಎಣ್ಣೆ. ಕಾಫಿ ನಮ್ಮಲ್ಲೇ ಬೆಳೆಯುತ್ತದೆ. ಎಣ್ಣೆ ದೇಶಕ್ಕೆ ಬೇಕಾದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲಿ ಬರುತ್ತದೆ. ಹಾಗಾದರೆ ಕಾಫಿ ಬೆಲೆ ನಮ್ಮ ಕೈಯಲ್ಲಿರಬೇಕು, ಎಣ್ಣೆ ಬೆಲೆ ಮಾತ್ರ ಹೊರಗಿನವರ ಕೈಯಲ್ಲಿರಬೇಕು ಅಲ್ವಾ? ಇಲ್ಲ. ಕಾಫಿಯಿಂದಲೇ ಶುರು ಮಾಡೋಣ.

ಇಲ್ಲಿಂದ ಸಕಲೇಶಪುರ ನಲವತ್ತು ಕಿಲೋಮೀಟರ್. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಶೇಕಡ 70 ಕರ್ನಾಟಕದ್ದು. ಆದರೆ ಬೆಳೆದದ್ದರಲ್ಲಿ ಮೂರನೇ ಎರಡು ಭಾಗದಷ್ಟು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ರಷ್ಯಾ, ಬೆಲ್ಜಿಯಂ ಕಡೆ. ಕಾಫಿಯಲ್ಲಿ ರೋಬಸ್ಟಾ, ಅರೇಬಿಕಾ ಅಂತ ಎರಡು ಮುಖ್ಯ ಜಾತಿ. ರೋಬಸ್ಟಾದ ದರ ನಿಗದಿಯಾಗುವುದು ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಅಂತ. ನಮ್ಮ ಬೆಳೆಗಾರರು ಮಧ್ಯಾಹ್ನದ ಊಟ ಮುಗಿಸುವ ಹೊತ್ತಿಗೆ ಲಂಡನ್ ತೆರೆದಿರುತ್ತದೆ. ಫೋನ್ ತೆಗೆದು ನೋಡುತ್ತಾರೆ. ಮಾರುವುದೋ ಇನ್ನೆರಡು ದಿನ ಇಟ್ಟುಕೊಳ್ಳುವುದೋ ಅನ್ನುವುದು ಅಲ್ಲಿಂದ ತೀರ್ಮಾನ.

ಈಗ ಬೋರ್ಡಿನ ಮೇಲೆ ಒಂದು ಲೆಕ್ಕ. ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 4,000 ಡಾಲರ್ ಅಂತ ಇಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ 50 ಪೈಸೆ ಇದ್ದಾಗ ಕಿಲೋಗೆ 342 ರೂಪಾಯಿ ಆಯಿತು. ಡಾಲರ್ 90 ಆದರೆ 360. ಲಂಡನ್ನಿನಲ್ಲಿ ಒಂದು ಡಾಲರೂ ಅಲುಗಾಡಿಲ್ಲ. ತೋಟದಲ್ಲಿ ಮಳೆಯೂ ಹೆಚ್ಚುಕಡಿಮೆ ಆಗಿಲ್ಲ. ಆದರೂ ಕಿಲೋಗೆ 18 ರೂಪಾಯಿ ಏರಿತು. ರಫ್ತು ಮಾಡುವವನು ಆ 18 ರೂಪಾಯಿ ಜಾಸ್ತಿ ಕೊಟ್ಟು ಕೊಳ್ಳಬಲ್ಲ. ಹಾಗಿರುವಾಗ ಬೆಂಗಳೂರಿನಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರುವವನೂ ಅಷ್ಟೇ ಕೊಡಬೇಕು. ಕೊಡಲ್ಲ ಅಂದರೆ ಮೂಟೆ ಮಂಗಳೂರು ಬಂದರಿನ ದಾರಿ ಹಿಡಿಯುತ್ತದೆ. ಏನನ್ನೂ ಆಮದು ಮಾಡಿಕೊಳ್ಳದೆ, ಊರಲ್ಲೇ ಬೆಳೆದದ್ದನ್ನು ಕುಡಿಯುವವನೂ ಡಾಲರಿನ ಲೆಕ್ಕದಲ್ಲೇ ದುಡ್ಡು ಕೊಡುತ್ತಾನೆ. ಈ ಲೆಕ್ಕ ನಿಜವಾಗಿಯೂ ನಡೆದದ್ದೇ. 2025ರ ಆರಂಭದಲ್ಲಿ ಡಾಲರ್ 85-86ರ ಆಸುಪಾಸು ಇತ್ತು. ಡಿಸೆಂಬರಿನಲ್ಲಿ 90 ದಾಟಿತು. ಆ ವರ್ಷ ಯೂರೋ ಮುಂತಾದ ಎಷ್ಟೋ ಕರೆನ್ಸಿಗಳ ಎದುರು ಡಾಲರ್ ಇಳಿದಿತ್ತು. ನಮ್ಮ ಎದುರು ಏರಿತು. ವಿದೇಶಿ ಹೂಡಿಕೆದಾರರು ಇಲ್ಲಿ ಷೇರು ಮಾರಿ ಹೊರಟದ್ದು ಒಂದು ಕಾರಣ. ಅಮೆರಿಕದ ಜೊತೆಗಿನ ಮಾತುಕತೆ ಮುಗಿಯದೆ ಎಳೆದಾಡಿದ್ದು ಇನ್ನೊಂದು.

ಮೊದಲು ಹೀಗಿರಲಿಲ್ಲ. ಹಿರಿಯರಿಗೆ ನೆನಪಿರುತ್ತದೆ, ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿಗೇ ಹೋಗಬೇಕಿತ್ತು. 1942ರ ಕಾಫಿ ಕಾಯ್ದೆಯ ಪೂಲ್ ಪದ್ಧತಿ ಅದು. ಬೋರ್ಡ್ ಹರಾಜು ಹಾಕುತ್ತಿತ್ತು, ರಫ್ತಿಗೆ ಬೇರೆ, ಒಳಗಿನ ಮಾರಾಟಕ್ಕೆ ಬೇರೆ. ಬೆಳೆಗಾರರಿಗೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. ಅದಕ್ಕೆ ಕಾಯ್ದು ಕಾಯ್ದು ಬೈದವರೇ ಜಾಸ್ತಿ. ಆದರೆ ಲಂಡನ್ನಿನ ಏರಿಳಿತ ನೇರವಾಗಿ ನಮ್ಮ ಲೋಟಕ್ಕೆ ಬೀಳುತ್ತಿರಲಿಲ್ಲ ಅನ್ನುವುದೂ ನಿಜ. ಹೊರಗೂ ಒಂದು ಕಟ್ಟು ಇತ್ತು. ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡು, ಯಾರು ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಇಟ್ಟಿದ್ದವು. 1989ರ ಜುಲೈನಲ್ಲಿ ಕೋಟಾ ಬಗ್ಗೆ ಮಾತುಕತೆ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ವಿಶ್ವದ ಕಾಫಿ ದರ ಅರ್ಧದ ಹತ್ತಿರಕ್ಕೆ ಕುಸಿಯಿತು. ಅದರ ಹಿಂದೆಯೇ ಸೋವಿಯತ್ ಒಕ್ಕೂಟ ಒಡೆಯಿತು. ಡಾಲರಿನ ಗೊಡವೆಯಿಲ್ಲದೆ ರೂಪಾಯಿಯಲ್ಲೇ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅವರು. ಆಮೇಲೆ ಪೂಲ್ ಪದ್ಧತಿಯನ್ನು ಹಂತಹಂತವಾಗಿ ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ತೆಗೆದರು. ಅವತ್ತಿನಿಂದ ಬೆಳೆಗಾರ ಸ್ವತಂತ್ರ. ಬೆಲೆಯೂ ಸ್ವತಂತ್ರ.

ಆ ಸ್ವಾತಂತ್ರ್ಯದ ರುಚಿ ಈಚಿನ ವರ್ಷಗಳಲ್ಲಿ ಚೆನ್ನಾಗಿ ಸಿಕ್ಕಿದೆ. ವಿಯೆಟ್ನಾಮಿನಲ್ಲಿ ಬರ. ಅಲ್ಲಿ ಕಾಫಿ ಕಿತ್ತು ದುರಿಯನ್ ಹಣ್ಣು ಹಾಕಿದವರೂ ಬಹಳ. ಬ್ರೆಜಿಲಿನಲ್ಲೂ ಬರ. 2024ರ ಏಪ್ರಿಲಿನಲ್ಲಿ 50 ಕಿಲೋ ರೋಬಸ್ಟಾ ಚೆರಿಗೆ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿಗೆ, ನಮ್ಮಲ್ಲಿ ಹತ್ತು ಸಾವಿರ ರೂಪಾಯಿ ದಾಟಿತು. ಅಪ್ಪನ ಕಾಲದಲ್ಲಿ ಕೇಳದ ರೇಟು ಅಂತ ಬೆಳೆಗಾರರು ಖುಷಿಪಟ್ಟರು. ಇತ್ತ ಪುಡಿಯ ಬೆಲೆ ಸಲಸಲವೂ ಏರಿತು. ಹೋಟೆಲಿನಲ್ಲಿ ಬೈಟು ಕಾಫಿಯ ಲೋಟ ಇನ್ನಷ್ಟು ಚಿಕ್ಕದಾಯಿತು. ಚಿಕೋರಿ ಜಾಸ್ತಿ ಆಯಿತು. ಅದಕ್ಕೂ ಒಂದು ಮಿತಿ ಇದೆ ಅನ್ನಿ, ಕಾಫಿ-ಚಿಕೋರಿ ಮಿಶ್ರಣ ಅಂತ ಮಾರಬೇಕಾದರೆ ಕಾಫಿ ಕನಿಷ್ಠ ಶೇಕಡ 51 ಇರಬೇಕು.

ಇದೆಲ್ಲ ಹವಾಮಾನದ ಕಥೆ. ಮಾತುಕತೆಯ ಕಥೆ 2025ರದ್ದು. ಏಪ್ರಿಲ್ 2ರಂದು ಅಮೆರಿಕ ಬಹುಪಾಲು ದೇಶಗಳ ಮೇಲೆ ಸುಂಕ ಸಾರಿತು. ಭಾರತಕ್ಕೆ ಶೇಕಡ 26 ಅಂದರು. ಒಂದು ವಾರದಲ್ಲಿ 90 ದಿನ ತಡೆ ಅಂದರು. ಆಗಸ್ಟ್ 7ಕ್ಕೆ ಶೇಕಡ 25 ಜಾರಿ. ಆಗಸ್ಟ್ 27ಕ್ಕೆ, ರಷ್ಯಾದ ಕಚ್ಚಾ ತೈಲ ಕೊಳ್ಳುತ್ತೀರಿ ಅಂತ ಇನ್ನೂ 25. ಒಟ್ಟು 50. ಬ್ರೆಜಿಲ್ ಮೇಲೂ ಆಗಸ್ಟ್ 6ರಿಂದ ಒಟ್ಟು 50. ಅಲ್ಲಿ ತಕರಾರು ವ್ಯಾಪಾರದ್ದೇ ಅಲ್ಲ, ಅವರ ಮಾಜಿ ಅಧ್ಯಕ್ಷರ ಮೇಲಿನ ಮೊಕದ್ದಮೆಯದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಾಫಿ ಅಮೆರಿಕಕ್ಕೆ ಹೋಗುವುದು ಕಡಿಮೆ, ಯೂರೋಪಿಗೇ ಜಾಸ್ತಿ. ಹಾಗಾಗಿ ನನ್ನ ಲೆಕ್ಕದಲ್ಲಿ, ಕಾಫಿ ಮಟ್ಟಿಗೆ ನಮ್ಮ ಮೇಲೆ ಹಾಕಿದ ಸುಂಕಕ್ಕಿಂತ ಬ್ರೆಜಿಲ್ ಮೇಲೆ ಹಾಕಿದ ಸುಂಕವೇ ನಮಗೆ ಹೆಚ್ಚು ತಾಗಿತು. ಅಮೆರಿಕದವರು ಕುಡಿಯುವ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬ್ರೆಜಿಲಿನದ್ದು. ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಅವರಲ್ಲಿ ಕಾಫಿ ಬೆಳೆಯುವುದೇ ಇಲ್ಲ ಅನ್ನಬಹುದು. ಬ್ರೆಜಿಲ್ ಮಾಲು ದುಬಾರಿ ಆದ ಕೂಡಲೇ ಅಲ್ಲಿನ ಕಂಪನಿಗಳು ಬೇರೆ ದೇಶಗಳ ಕಾಫಿಗೆ ಮುಗಿಬಿದ್ದವು. ಜುಲೈ ಕೊನೆಗೆ ಪೌಂಡಿಗೆ 3 ಡಾಲರಿನ ಒಳಗಿದ್ದ ಅರೇಬಿಕಾ ಸೆಪ್ಟೆಂಬರ್ ಮಧ್ಯಕ್ಕೆ 4 ಡಾಲರ್ ದಾಟಿತು. ಚಿಕ್ಕಮಗಳೂರಿನ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ದರವೂ ಅದರ ಬೆನ್ನಿಗೇ. ವಾಷಿಂಗ್ಟನ್ ಮತ್ತು ಬ್ರೆಜಿಲಿಯಾ ನಡುವಿನ ಜಗಳದಲ್ಲಿ ನಾವು ಪಂಚಾಯಿತಿಗೂ ಕೂತಿರಲಿಲ್ಲ. ದಂಡ ಮಾತ್ರ ಮಲ್ಲೇಶ್ವರದಲ್ಲಿ ಕಾಫಿಪುಡಿ ಕೊಳ್ಳುವವರೂ ಕಟ್ಟಿದರು. ನ್ಯೂಜೆರ್ಸಿಯ ಕನ್ನಡದವರಿಗೆ ಎರಡೂ ಕಡೆಯಿಂದ ಬಿತ್ತು, ಊರಿಂದ ತರಿಸುವ ಪುಡಿಗೂ ಅಲ್ಲಿ ಸಿಗುವ ಕಾಫಿಗೂ. ಆಗಸ್ಟಿನಲ್ಲಿ ಅಮೆರಿಕದ ಸರ್ಕಾರಿ ಬೆಲೆ ಸೂಚ್ಯಂಕದಲ್ಲಿ ಕಾಫಿ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡ 21 ತುಟ್ಟಿಯಾಗಿತ್ತು.

ಈ ಶೇಕಡ 21ನ್ನು ಪೂರ್ತಿ ಸುಂಕದ ತಲೆಗೆ ಕಟ್ಟುವವರಿದ್ದಾರೆ. ಅದು ತಪ್ಪು. ಆಗಸ್ಟ್ 6ಕ್ಕೆ ಹಾಕಿದ ಸುಂಕ ಅದೇ ತಿಂಗಳು ಅಂಗಡಿಯ ಪ್ಯಾಕೆಟ್ಟಿಗೆ ಪೂರ್ತಿ ಇಳಿಯುವುದು ಸಾಧ್ಯವಿಲ್ಲ. ಹಸಿರು ಬೀಜ ಹಡಗೇರಿ, ಹುರಿದು, ಪ್ಯಾಕ್ ಆಗಿ ಶೆಲ್ಫಿಗೆ ಬರಲು ತಿಂಗಳುಗಳೇ ಬೇಕು. ಫೆಬ್ರವರಿಯಲ್ಲಿ ಅರೇಬಿಕಾ ಮುಟ್ಟಿದ್ದ ದಾಖಲೆ ದರ ಅದರಲ್ಲಿತ್ತು. ಏಪ್ರಿಲಿನಿಂದ ನಡೆದ ಗೊಂದಲದ ಲೆಕ್ಕವೂ ಇತ್ತು. ನವೆಂಬರ್ 14ಕ್ಕೆ ಅಮೆರಿಕವೇ ಕಾಫಿ, ಚಹಾ, ಬಾಳೆಹಣ್ಣು, ಮಸಾಲೆ ಪದಾರ್ಥಗಳನ್ನೆಲ್ಲ ಏಪ್ರಿಲಿನಲ್ಲಿ ಸಾರಿದ ಪ್ರತಿಸುಂಕದ ಪಟ್ಟಿಯಿಂದ ತೆಗೆಯಿತು. ಆರು ದಿನ ಬಿಟ್ಟು ಬ್ರೆಜಿಲ್ ಕಾಫಿಯ ಮೇಲಿನ ಹೆಚ್ಚುವರಿ ಸುಂಕವನ್ನೂ ತೆಗೆಯಿತು. ಶೆಲ್ಫಿನ ಬೆಲೆ ಮಾರನೇ ದಿನ ಇಳಿಯಲಿಲ್ಲ. ಅದಾಗಲೇ ಸುಂಕ ಕಟ್ಟಿ ತಂದ ಮಾಲು ಗೋದಾಮಿನಲ್ಲಿತ್ತಲ್ಲ.

ಈಗ ಎಣ್ಣೆಗೆ ಬರೋಣ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ. ಸೋಯಾ ಅರ್ಜೆಂಟೀನಾ, ಬ್ರೆಜಿಲಿನಿಂದ. ಸೂರ್ಯಕಾಂತಿ ರಷ್ಯಾ, ಉಕ್ರೇನಿನಿಂದ. ವರ್ಷಕ್ಕೆ 160 ಲಕ್ಷ ಟನ್ ಆಸುಪಾಸು ತರುತ್ತೇವೆ. ಮಂಗಳೂರಿನ ಬೈಕಂಪಾಡಿ ಕಡೆ ಹೋದರೆ ಕಚ್ಚಾ ಎಣ್ಣೆ ಶುದ್ಧ ಮಾಡುವ ರಿಫೈನರಿಗಳನ್ನು ನೋಡಬಹುದು. ಪಾಮಾಯಿಲ್ ನಾವು ತಿನ್ನಲ್ಲ ಅನ್ನುವವರು ಬಿಸ್ಕೆಟ್ ಪ್ಯಾಕೆಟ್ ತಿರುಗಿಸಿ ಓದಿ, ಇಲ್ಲವೇ ಬೇಕರಿಯವರನ್ನು ಕೇಳಿ.

ಇನ್ನೊಂದು ಲೆಕ್ಕ. ಕಚ್ಚಾ ತಾಳೆ ಎಣ್ಣೆ ಟನ್ನಿಗೆ 1,100 ಡಾಲರ್ ಅಂತಿಟ್ಟುಕೊಳ್ಳಿ. ಡಾಲರ್ 85 ರೂಪಾಯಿ 50 ಪೈಸೆ ಇದ್ದರೆ 94,050 ರೂಪಾಯಿ. ಅದರ ಮೇಲೆ ಸುಂಕ, 2025ರ ಮೇ ಕೊನೆಗೆ ಬಂದ ದರದಲ್ಲಿ. ಮೂಲ ಸುಂಕ ಶೇಕಡ 10, ಕೃಷಿ ಸೆಸ್ 5, ಇವೆರಡರ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ ಒಂದೂವರೆ. ಒಟ್ಟು 16.5. ಅಂದರೆ 15,518 ರೂಪಾಯಿ. ಕೂಡಿದರೆ 1,09,568. ಈಗ ಡಾಲರನ್ನು 90 ಮಾಡಿ. ಎಣ್ಣೆಗೆ 99,000, ಸುಂಕಕ್ಕೆ 16,335, ಒಟ್ಟು 1,15,335. ಟನ್ನಿಗೆ 5,767 ರೂಪಾಯಿ ಜಾಸ್ತಿ, ಕಿಲೋಗೆ ಐದೂ ಮುಕ್ಕಾಲು ರೂಪಾಯಿ. ಇದರಲ್ಲಿ ಒಂದು ವಿಷಯ ಗಮನಿಸಿ. ಸರ್ಕಾರ ಸುಂಕದ ದರ ಒಂದು ಚೂರೂ ಏರಿಸಲಿಲ್ಲ. ಆದರೂ ಸುಂಕದ ಮೊತ್ತ ಟನ್ನಿಗೆ 817 ರೂಪಾಯಿ ಏರಿತು. ಸುಂಕ ಶೇಕಡದಲ್ಲಿದೆ, ಲೆಕ್ಕಕ್ಕೆ ಹಿಡಿಯುವ ಬೆಲೆ ಡಾಲರಿನಲ್ಲಿದೆ, ಅದಕ್ಕೇ. ಕಸ್ಟಮ್ಸಿನವರು ಹದಿನೈದು ದಿನಕ್ಕೊಮ್ಮೆ ತಾಳೆ ಎಣ್ಣೆಯ ಲೆಕ್ಕದ ಬೆಲೆಯನ್ನೂ ಡಾಲರ್ ದರವನ್ನೂ ಹೊಸದಾಗಿ ಪ್ರಕಟಿಸುತ್ತಾರೆ. ರೂಪಾಯಿ ಬಿದ್ದಾಗಲೆಲ್ಲ ಯಾರೂ ಘೋಷಿಸದ ಒಂದು ಚಿಕ್ಕ ತೆರಿಗೆ ಏರಿಕೆ ಹೀಗೆ ತಾನಾಗಿ ಆಗಿಬಿಡುತ್ತದೆ. ಬಜೆಟ್ ಭಾಷಣದಲ್ಲಿ ಇದು ಬರಲ್ಲ.

ಘೋಷಿಸಿ ಏರಿಸುವುದೂ ಇದೆ. 2024ರ ಸೆಪ್ಟೆಂಬರ್ 13, ಶುಕ್ರವಾರ. ಗಣೇಶನ ಹಬ್ಬ ಮುಗಿದು ಒಂದು ವಾರ ಆಗಿತ್ತಷ್ಟೇ. ಕಚ್ಚಾ ಎಣ್ಣೆಯ ಸುಂಕ ಒಟ್ಟು ಶೇಕಡ 5.5ರಿಂದ 27.5ಕ್ಕೆ, ಶುದ್ಧೀಕರಿಸಿದ್ದರದ್ದು 13.75ರಿಂದ 35.75ಕ್ಕೆ ಏರಿಸಿ ಆದೇಶ ಬಂತು. ಮಾರನೇ ದಿನದಿಂದಲೇ ಜಾರಿ. ಉದ್ದೇಶ ಸೋಯಾ ರೈತರಿಗೆ ಬೆಂಬಲ. ಅದು ಸುಮ್ನೆ ಹೇಳುವ ಮಾತಲ್ಲ, ಸೋಯಾ ದರ ಬೆಂಬಲ ಬೆಲೆಗಿಂತ ಕೆಳಗಿತ್ತು. ಆಮೇಲೆ ಕೇಂದ್ರದ ಆಹಾರ ಇಲಾಖೆ ಎಣ್ಣೆ ಕಂಪನಿಗಳನ್ನು ಕರೆಸಿ, ಹಳೇ ಸುಂಕದಲ್ಲಿ ತಂದ ಮಾಲು 30 ಲಕ್ಷ ಟನ್ ಇದೆ, 45-50 ದಿನಕ್ಕೆ ಸಾಕು, ಅದು ಮುಗಿಯುವವರೆಗೆ ಎಂಆರ್‌ಪಿ ಏರಿಸಬೇಡಿ ಅಂತ ಹೇಳಿತು. ಒಳ್ಳೆಯ ಮಾತೇ. ದಸರಾ ಹೊತ್ತಿಗೆ ಅಂಗಡಿಗೆ ಹೋದವರಿಗೆ ಏನಾಯಿತು ಅಂತ ಗೊತ್ತು.

ವ್ಯಾಪಾರಿ ಮೋಸಗಾರ ಅನ್ನುವುದು ಸುಲಭದ ಉತ್ತರ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೋಲ್‌ಸೇಲ್ ವ್ಯಾಪಾರಿಯ ಜಾಗದಲ್ಲಿ ಕೂತು ಯೋಚಿಸಿ. ಅವನ ಗೋದಾಮಿನಲ್ಲಿ 120 ರೂಪಾಯಿಯ ಮಾಲಿದೆ. ಅದನ್ನು ಮಾರಿದ ದುಡ್ಡಿನಲ್ಲೇ ಮುಂದಿನ ಮಾಲು ತರಬೇಕು. ಮುಂದಿನದ್ದು 138 ಆಗುತ್ತದೆ ಅಂತ ಗೊತ್ತಿದ್ದರೆ, ಇವತ್ತು 120ರ ಲೆಕ್ಕದಲ್ಲಿ ಮಾರಿದರೆ ನಾಳೆ ಅಷ್ಟೇ ಡಬ್ಬ ತುಂಬಿಸಲು ಅವನ ಬಳಿ ದುಡ್ಡಿರಲ್ಲ. ಹಾಗಾಗಿ ತಂದ ಬೆಲೆ ನೋಡಿ ಮಾರಲ್ಲ. ಮುಂದೆ ತರಬೇಕಾದ ಬೆಲೆ ನೋಡಿ ಮಾರುತ್ತಾನೆ. ಆದರೆ ಇದೇ ನ್ಯಾಯ ಇಳಿಯುವಾಗ ಅವನಿಗೆ ನೆನಪಾಗಲ್ಲ. ಅಲ್ಲಿ ‘ಹಳೇ ಸ್ಟಾಕು ಸಾರ್, ಜಾಸ್ತಿ ಕೊಟ್ಟು ತಂದಿದ್ದೀವಿ’ ಅನ್ನುತ್ತಾನೆ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕ 27.5ರಿಂದ 16.5ಕ್ಕೆ ಇಳಿಯಿತು. ಏರಿದಾಗಿನ ಅವಸರ ಇಳಿಯುವಾಗ ಎಷ್ಟು ಅಂಗಡಿಯಲ್ಲಿ ಕಂಡಿತು?

ಗೊತ್ತಿರುವ ಬದಲಾವಣೆಗೇ ಇಷ್ಟು. ಗೊತ್ತಿಲ್ಲದ್ದಕ್ಕೆ ಇನ್ನೂ ಜಾಸ್ತಿ. ಅರ್ಜೆಂಟೀನಾದಲ್ಲಿ ತುಂಬಿದ ಸೋಯಾ ಎಣ್ಣೆ ನಮ್ಮ ಬಂದರಿಗೆ ಬರಲು ಒಂದು ತಿಂಗಳ ಮೇಲೆಯೇ ಹಿಡಿಯುತ್ತದೆ. ಆಮದುದಾರ ಇವತ್ತು ಡಾಲರಿನಲ್ಲಿ ಒಪ್ಪಂದ ಮಾಡುತ್ತಾನೆ. ದುಡ್ಡು ಕೊಡುವ ದಿನ ಡಾಲರ್ ಎಷ್ಟಿರುತ್ತದೋ, ಬಂದರಿಗೆ ಬಂದ ದಿನ ಸುಂಕ ಎಷ್ಟಿರುತ್ತದೋ ಅವನಿಗೆ ಗೊತ್ತಿಲ್ಲ. ಡಾಲರಿನ ಭಯಕ್ಕೆ ಬ್ಯಾಂಕಿನಲ್ಲಿ ಫಾರ್ವರ್ಡ್ ಕವರ್ ಸಿಗುತ್ತದೆ. ಮೂರು ತಿಂಗಳ ನಂತರದ ಡಾಲರನ್ನು ಇವತ್ತೇ ಒಂದು ದರಕ್ಕೆ ಕಟ್ಟಿಹಾಕಿಕೊಳ್ಳುವುದು. ಅದಕ್ಕೆ ವರ್ಷಕ್ಕೆ ಶೇಕಡ ಎರಡರ ಆಸುಪಾಸು ಖರ್ಚು ಬೀಳುತ್ತದೆ. ಸುಂಕದ ಭಯಕ್ಕೆ ಯಾವ ಬ್ಯಾಂಕೂ ಕವರ್ ಕೊಡಲ್ಲ. ಹಾಗಾಗಿ ಅವನು ಮೂರು ಕೆಲಸ ಮಾಡುತ್ತಾನೆ. ಕಡಿಮೆ ತರಿಸುತ್ತಾನೆ. ಕೊಡುವ ರೇಟಿಗೆ ಸಂಜೆಯವರೆಗೆ ಮಾತ್ರ ಬೆಲೆ ಅನ್ನುತ್ತಾನೆ. ಲಾಭದಲ್ಲಿ ಒಂದೆರಡು ರೂಪಾಯಿ ಭಯದ ಬಾಬ್ತು ಸೇರಿಸುತ್ತಾನೆ. ಮಾತುಕತೆ ಕೊನೆಗೆ ನಮ್ಮ ಪರವಾಗಿಯೇ ಮುಗಿಯಬಹುದು. ಆದರೆ ಮುಗಿಯುವವರೆಗಿನ ಆರು ತಿಂಗಳು ಆ ಒಂದೆರಡು ರೂಪಾಯಿಯನ್ನು ನಾವು ಕೊಟ್ಟಾಗಿರುತ್ತದೆ. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಮುಖ್ಯವಾಗಿ ಇದನ್ನೇ. ಪತ್ರಿಕೆಗಳು ಒಪ್ಪಂದಕ್ಕೆ ಸಹಿ ಬಿದ್ದ ದಿನ ಯಾವುದು ಅಗ್ಗ, ಯಾವುದು ತುಟ್ಟಿ ಅಂತ ಪಟ್ಟಿ ಹಾಕುತ್ತವೆ. ಸಹಿ ಬೀಳದ ದಿನಗಳ ಪಟ್ಟಿಯನ್ನು ಯಾರೂ ಹಾಕಲ್ಲ.

ಜಗಳ ಒಂದರದ್ದು, ಪೆಟ್ಟು ಇನ್ನೊಂದಕ್ಕೆ ಅನ್ನುವುದಕ್ಕೆ ಸೇಬು ನೋಡಿ. 2018ರಲ್ಲಿ ಅಮೆರಿಕ ಉಕ್ಕು, ಅಲ್ಯೂಮಿನಿಯಂ ಮೇಲೆ ಸುಂಕ ಹಾಕಿತು. ನಾವು ತಿರುಗಿ ಹಾಕುತ್ತೇವೆ ಅಂದೆವು, ಮತ್ತೆ ಮತ್ತೆ ಮುಂದೂಡಿದೆವು, ಕೊನೆಗೆ 2019ರ ಜೂನಿನಲ್ಲಿ ಹಾಕಿದೆವು. ಯಾವುದರ ಮೇಲೆ? ಸೇಬು, ಬಾದಾಮಿ, ಅಕ್ರೋಟು, ಕಡಲೆ, ಮಸೂರದ ಮೇಲೆ. ಅಮೆರಿಕದ ಸೇಬಿನ ಸುಂಕ 50ರಿಂದ 70 ಆಯಿತು. ಆ ಜಾಗಕ್ಕೆ ಟರ್ಕಿ, ಇರಾನ್, ಇಟಲಿಯ ಸೇಬು ಬಂತು. 2023ರಲ್ಲಿ ದೆಹಲಿಯ ಜಿ20 ಸಭೆಯ ಹೊತ್ತಿಗೆ ಆ ಹೆಚ್ಚುವರಿ 20 ತೆಗೆದರು. ನಾಲ್ಕು ವರ್ಷ ಉಕ್ಕಿನ ಜಗಳವನ್ನು ಹಣ್ಣಿನಂಗಡಿ ಹೊತ್ತುಕೊಂಡಿತ್ತು.

ಒಪ್ಪಂದ ಇದ್ದರೂ ಕಳ್ಳದಾರಿ ಇರುತ್ತದೆ. ನೇಪಾಳದಲ್ಲಿ ಸೋಯಾ ಬೆಳೆ ಅತ್ಯಲ್ಪ. ಆದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಅಲ್ಲಿನ ಶುದ್ಧ ಎಣ್ಣೆಗೆ ಇಲ್ಲಿ ಸುಂಕವಿಲ್ಲ. ನಮ್ಮ ಸುಂಕ ಏರಿದ ಮೇಲೆ ನೇಪಾಳದಿಂದ ಸೋಯಾ ಎಣ್ಣೆ ಧಾರಾಳ ಬರಲು ಶುರುವಾಯಿತು. ಮಲೆನಾಡಿನವರಿಗೆ ಇದು ಹೊಸದೇನಲ್ಲ. ಶ್ರೀಲಂಕಾ ದಾರಿಯಲ್ಲಿ ವಿಯೆಟ್ನಾಮಿನ ಕಾಳುಮೆಣಸು ಬಂದದ್ದನ್ನು ನೀವು ನೋಡಿದ್ದೀರಿ. ಅದಕ್ಕೇ 2017ರ ಕೊನೆಗೆ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು. 2023ರಲ್ಲಿ ಅಡಿಕೆಯದ್ದನ್ನು 251ರಿಂದ 351ಕ್ಕೆ ಏರಿಸಿದರು. ಬೆಳೆಗಾರನಿಗೆ ಇದು ಬೇಕು, ನಾನೂ ಬೇಕು ಅನ್ನುವವನೇ. ಆದರೆ ಆ ತಡೆಯ ಖರ್ಚು ಕೊಳ್ಳುವವನ ಜೇಬಿನಿಂದ ಹೋಗುತ್ತದೆ ಅನ್ನುವುದನ್ನು ಮುಚ್ಚಿಡಬಾರದು.

ಪ್ರಶ್ನೆಗಳ ಹೊತ್ತಿನಲ್ಲಿ ಬಂದ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ರೂಪಾಯಿ ಬಿದ್ದರೆ ಕಾಫಿ ಬೆಳೆಗಾರರಿಗೆ ಒಳ್ಳೆಯದೇ ಅಲ್ವಾ ಅಂತ ತೋಟದವರೊಬ್ಬರು ಕೇಳಿದರು. ಮಾರುವ ದಿನ ಒಳ್ಳೆಯದು. ಆದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು, ಡಾಲರಿನಲ್ಲಿ ಬರುವುದು. ಜೊತೆಗೆ ಫಸಲು ಕೈಗೆ ಬರುವ ಮೊದಲೇ ಒಂದು ರೇಟಿಗೆ ಮಾತು ಕೊಟ್ಟಿದ್ದರೆ, ರೂಪಾಯಿ ಬಿದ್ದ ಲಾಭ ಕೊಂಡವನಿಗೆ ಹೋಗುತ್ತದೆ.

ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಇತ್ತಂತೆ, ನಿಜವಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ವಾಟ್ಸಾಪಿನಲ್ಲಿ ಪ್ರತಿ ಆಗಸ್ಟಿನಲ್ಲಿ ಬರುವ ಸುಳ್ಳು ಅದು. ಆಗ ರೂಪಾಯಿ ಬ್ರಿಟನ್ನಿನ ಪೌಂಡಿಗೆ ಕಟ್ಟಿಕೊಂಡಿತ್ತು. ಒಂದು ಪೌಂಡಿಗೆ 13 ರೂಪಾಯಿ ಚಿಲ್ಲರೆ, ಪೌಂಡಿಗೆ ನಾಲ್ಕು ಡಾಲರ್ ಚಿಲ್ಲರೆ. ಭಾಗಿಸಿದರೆ ಡಾಲರಿಗೆ 3 ರೂಪಾಯಿ 30 ಪೈಸೆ ಬರುತ್ತದೆ. 1966ರ ಜೂನಿನಲ್ಲಿ 4.76 ಇದ್ದದ್ದನ್ನು ಒಂದೇ ಏಟಿಗೆ 7.50 ಮಾಡಿದರು.

ಕೊನೆಗೆ ಒಬ್ಬ ತಾಯಿ ಕೇಳಿದರು: ಹಾಗಾದರೆ ಬೆಲೆ ಏರುತ್ತದೆ ಅಂತ ಸುದ್ದಿ ಬಂದಾಗ ಎರಡು ಟಿನ್ ಎಣ್ಣೆ ತಗೊಂಡಿಟ್ಟುಕೊಳ್ಳಲಾ? ಬೇಡಮ್ಮ. ಸುದ್ದಿ ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಹೋಲ್‌ಸೇಲ್ ರೇಟು ಏರಿಯಾಗಿರುತ್ತದೆ. ಸೂರ್ಯಕಾಂತಿ ಎಣ್ಣೆ ಬಿಸಿಲು ತಾಗುವ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಕೂತರೆ ಮುಗ್ಗಲು ವಾಸನೆಯೂ ಬರುತ್ತದೆ. ಅದರ ಬದಲು ಪೌಚಿನ ಹಿಂದೆ ಗ್ರಾಂ ಎಷ್ಟು ಅಂತ ಓದಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಇಷ್ಟೇ ಅಳತೆಯಲ್ಲಿ ಮಾರಬೇಕು ಅನ್ನುವ ನಿಯಮವನ್ನು ಕೆಲವು ವರ್ಷದ ಹಿಂದೆ ತೆಗೆದಿದ್ದಾರೆ. ಆದ್ದರಿಂದ ಅದೇ ಗಾತ್ರದ ಹಾಗೆ ಕಾಣುವ ಪೌಚಿನಲ್ಲಿ 850 ಗ್ರಾಮೋ 800 ಗ್ರಾಮೋ ಇರಬಹುದು. ಎರಡು ಬ್ರ್ಯಾಂಡು ಪಕ್ಕಪಕ್ಕ ಇಟ್ಟು, ಬೆಲೆಯನ್ನು ಗ್ರಾಮಿನಿಂದ ಭಾಗಿಸಿ ನೋಡಿ. ಫೋನಿನಲ್ಲಿ ಅರ್ಧ ನಿಮಿಷದ ಕೆಲಸ.